ಡಿಸ್ಚಾರ್ಜ್ ಆದ ಮೇಲೆ

ನೋಡಲು ಸಾದಾ ಮಾತ್ರೆ ಡಬ್ಬಿ. ಮುಚ್ಚಳ ಮಾತ್ರ ಕೊಂಚ ದಪ್ಪ. ಆ ಮುಚ್ಚಳದೊಳಗೊಂದು ಪುಟ್ಟ ಚಿಪ್ ಕೂತಿರುತ್ತದೆ. ಡಬ್ಬಿ ತೆರೆದಾಗಲೆಲ್ಲ ಅದು ತಾರೀಖು, ಗಂಟೆ, ನಿಮಿಷಗಳನ್ನು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತದೆ. ತೆರೆಯದ ದಿನ ಏನೂ ಬರೆಯುವುದಿಲ್ಲ. ಆ ಖಾಲಿ ದಿನಗಳನ್ನು ಎಣಿಸುವುದಕ್ಕಾಗಿಯೇ ಅಮೆರಿಕದ ನೂರಾರು ಮನೆಗಳಿಗೆ ಇಂಥ ಡಬ್ಬಿಗಳು ಹೋದವು. ಕಳಿಸಿದವರು ಮಕ್ಕಳ ಕ್ಯಾನ್ಸರ್ ತಜ್ಞೆ ಡಾ. ಸ್ಮಿತಾ ಭಾಟಿಯಾ ಮತ್ತು ಅವರ ತಂಡ. ಡಬ್ಬಿಯೊಳಗಿದ್ದದ್ದು ರಕ್ತದ ಕ್ಯಾನ್ಸರಿನ ಮಕ್ಕಳು ದಿನವೂ ನುಂಗಬೇಕಾದ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದರ ಚಿಕಿತ್ಸೆಗೆ ಎರಡು ಮುಖ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಯುದ್ಧ: ಕೀಮೋ, ಬೆನ್ನಿಗೆ ಇಂಜೆಕ್ಷನ್, ಉದುರುವ ಕೂದಲು, ಜ್ವರ ಬಂದರೆ ನಡುರಾತ್ರಿ ಓಟ. ಅದು ಮುಗಿದ ಮೇಲೆ ಮಗು ಮನೆಗೆ ಬರುತ್ತದೆ, ಕೂದಲು ಹುಟ್ಟುತ್ತದೆ, ಶಾಲೆಗೂ ಹೋಗುತ್ತದೆ. ಚಿಕಿತ್ಸೆ ಮಾತ್ರ ಮುಗಿದಿರುವುದಿಲ್ಲ. ಮುಂದಿನ ಎರಡು ವರ್ಷವೋ ಅದಕ್ಕೂ ಹೆಚ್ಚೋ ದಿನಕ್ಕೊಂದು ಬಾರಿ ಮಾತ್ರೆ. ಕೊಡುವವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅಮ್ಮ. ಮೈಯಲ್ಲಿ ಅಡಗಿ ಕೂತ ಕೊನೆಯ ಕೆಲವು ಕೆಟ್ಟ ಕೋಶಗಳನ್ನು ಹುಡುಕಿ ಮುಗಿಸುವ ಕೆಲಸ ಅಡುಗೆಮನೆಯ ಕಪಾಟಿನಲ್ಲಿರುವ ಈ ಡಬ್ಬಿಯದು.

'ಮಾತ್ರೆ ಸರಿಯಾಗಿ ಕೊಡ್ತಿದ್ದೀರಾ?' ಎಂದು ಡಾಕ್ಟರು ಕೇಳುತ್ತಾರೆ. 'ಕೊಡ್ತಿದ್ದೀವಿ' ಎಂಬ ಉತ್ತರ ಬರುತ್ತದೆ. ಪ್ರಶ್ನೆ ಕೇಳಿದವರೂ ಉತ್ತರ ಕೊಟ್ಟವರೂ ಅದನ್ನು ನಂಬುತ್ತಾರೆ. ಮುಚ್ಚಳ ಮಾತ್ರ ನಂಬಲಿಲ್ಲ. 2012ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 327 ಮಕ್ಕಳ ಲೆಕ್ಕವಿತ್ತು. ನುಂಗಬೇಕಾದ ಮಾತ್ರೆಗಳಲ್ಲಿ ಶೇ 95ಕ್ಕಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಗಣನೀಯವಾಗಿ ಹೆಚ್ಚಿತ್ತು. ಶೇ 95 ಎಂದರೆ ದೊಡ್ಡ ಅಂಕಿಯಂತೆ ಕೇಳಿಸುತ್ತದೆ. ಆದರೆ ತಿಂಗಳಿಗೆ ಎರಡು ದಿನ ಮರೆತರೆ ಸಾಕು, ಮಗು ಆ ಗೆರೆಯಿಂದ ಕೆಳಗಿಳಿದಿರುತ್ತದೆ. ಒಂದು ಮದುವೆ, ಒಂದು ಜಾತ್ರೆ. ಎರಡು ದಿನ ಹೋಯಿತು.

ಭಾಟಿಯಾ ಅವರ ಸಹೋದ್ಯೋಗಿ ವೆಂಡಿ ಲ್ಯಾಂಡಿಯರ್ ನರ್ಸಿಂಗ್ ಕ್ಷೇತ್ರದಿಂದ ಸಂಶೋಧನೆಗೆ ಬಂದವರು. ಬಾಯಿಮಾತಿನ ಲೆಕ್ಕವನ್ನೂ ಮುಚ್ಚಳದ ಲೆಕ್ಕವನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಬಹುಪಾಲು ಕುಟುಂಬಗಳು ಒಂದಲ್ಲ ಒಂದು ತಿಂಗಳಲ್ಲಿ ನಿಜಕ್ಕಿಂತ ಹೆಚ್ಚು ದಿನ ಕೊಟ್ಟೆವೆಂದು ಹೇಳಿದ್ದವು. ಇದನ್ನು ಸುಳ್ಳು ಎಂದು ಕರೆಯುವುದು ಅನ್ಯಾಯವಾದೀತು. ಎರಡು ವರ್ಷ ದಿನವೂ ಮಾಡುವ ಕೆಲಸದಲ್ಲಿ ನಿನ್ನೆ ಯಾವುದು, ಮೊನ್ನೆ ಯಾವುದು ಎಂಬುದೇ ಕಲಸಿಹೋಗುತ್ತದೆ. ಹದಿವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ತಪ್ಪುವುದು ಜಾಸ್ತಿ ಎಂಬುದೂ ಕಂಡುಬಂತು. 'ನಾನೇ ತಗೋತೀನಿ ಬಿಡಮ್ಮ' ಎನ್ನುವ ವಯಸ್ಸು ಅದು.

ಇನ್ನೊಂದು ಸಂಗತಿ ಕೇಳಿದರೆ ನಮ್ಮ ಅಮ್ಮಂದಿರು ನಿಟ್ಟುಸಿರು ಬಿಟ್ಟಾರು. ಈ ಮಾತ್ರೆಯನ್ನು ರಾತ್ರಿಯೇ ಕೊಡಬೇಕು, ಖಾಲಿ ಹೊಟ್ಟೆಯಲ್ಲೇ ಕೊಡಬೇಕು, ಹಾಲು ಮುಟ್ಟಿಸಬಾರದು ಎಂಬ ಪಥ್ಯ ದಶಕಗಳಿಂದ ನಡೆದುಬಂದಿತ್ತು. ನಿದ್ದೆಗಣ್ಣಿನ ಮಗುವಿಗೆ ಹಾಲಿಲ್ಲದೆ ಮಾತ್ರೆ ನುಂಗಿಸುವ ಕಷ್ಟ ನುಂಗಿಸಿದವರಿಗೇ ಗೊತ್ತು. ಇದೇ ತಂಡ 2017ರಲ್ಲಿ ಆ ಪಥ್ಯವನ್ನೂ ಲೆಕ್ಕಕ್ಕೆ ಹಚ್ಚಿತು. ಊಟದ ಜೊತೆ ಕೊಟ್ಟರೂ, ಹಾಲಿನ ಜೊತೆ ಕೊಟ್ಟರೂ, ಬೆಳಿಗ್ಗೆಯೇ ಕೊಟ್ಟರೂ ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ಕೊಡುವುದೇ ಮುಖ್ಯವಾಗಿತ್ತು. (ಹಾಗೆಂದು ಇದನ್ನು ಓದಿ ಯಾರೂ ತಾವಾಗಿ ಹೊತ್ತು ಬದಲಿಸುವುದು ಬೇಡ, ನೋಡುತ್ತಿರುವ ಡಾಕ್ಟರನ್ನು ಕೇಳಿ.)

ಹಾಗಾದರೆ ದಿನವೂ ಮೊಬೈಲಿಗೆ ಸಂದೇಶ ಕಳಿಸಿ ನೆನಪಿಸಿದರಾಯಿತಲ್ಲ? ಅದನ್ನೂ ಮಾಡಿ ನೋಡಿದರು. ತಿಳಿವಳಿಕೆ ಕೊಟ್ಟು, ಸಂದೇಶ ಕಳಿಸಿ, ಮನೆಯವರೊಬ್ಬರ ಕಣ್ಣೆದುರೇ ನುಂಗುವ ವ್ಯವಸ್ಥೆ ಮಾಡಿದ ಆ ಪ್ರಯೋಗ ಒಟ್ಟಾರೆಯಾಗಿ ಗೆಲ್ಲಲಿಲ್ಲ. ಮೊದಲಿಂದಲೂ ತುಂಬ ತಪ್ಪಿಸುತ್ತಿದ್ದ ಹದಿವಯಸ್ಸಿನವರಲ್ಲಿ ಮಾತ್ರ ಸ್ವಲ್ಪ ಉಪಯೋಗ ಕಂಡಿತು. ಅವರು ಅದನ್ನೂ ಮುಚ್ಚಿಡದೆ 2020ರಲ್ಲಿ ಪ್ರಕಟಿಸಿದರು.

ಭಾಟಿಯಾ ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಓದಿದವರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ತರಬೇತಿ ಪಡೆದು, ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿ ಬಹುಕಾಲ ದುಡಿದರು. 2015ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆಗೆ ಬಂದು, ಕ್ಯಾನ್ಸರಿನಿಂದ ಉಳಿದು ಬಂದವರ ಬದುಕನ್ನೇ ಅಧ್ಯಯನ ಮಾಡುವ ಕೇಂದ್ರವನ್ನು ಮುನ್ನಡೆಸತೊಡಗಿದರು. ಅವರ ಮೂವತ್ತು ವರ್ಷಗಳ ಬರಹಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ಒಂದೇ ಪ್ರಶ್ನೆ ಬೇರೆಬೇರೆ ವೇಷದಲ್ಲಿ ಬಂದುಹೋಗುವುದು ಕಾಣುತ್ತದೆ: ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಆ ಮಗುವಿಗೆ ಏನಾಯಿತು? ಮಾತ್ರೆ ಡಬ್ಬಿ ಅದರ ಹತ್ತಿರದ ಉತ್ತರ. ದೂರದ ಉತ್ತರ 1996ರಲ್ಲೇ ಬಂದಿತ್ತು, ಮತ್ತು ಅದು ಬೆಚ್ಚಿಬೀಳಿಸುವಂತಿತ್ತು.

ಅದು ಹಾಜ್‌ಕಿನ್ ಕಾಯಿಲೆ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಕಥೆ. ಕತ್ತು, ಎದೆಯ ಗಂಟುಗಳಿಗೆ ವಿಕಿರಣ ಹಾಯಿಸಿ ಅದನ್ನು ಕರಗಿಸಬಹುದೆಂಬುದು ಇಪ್ಪತ್ತನೇ ಶತಮಾನದ ದೊಡ್ಡ ವಿಜಯಗಳಲ್ಲೊಂದು. ನಮ್ಮ ಹಳ್ಳಿಗಳವರು ಅದನ್ನು 'ಕರೆಂಟ್ ಕೊಡಿಸೋದು' ಎನ್ನುತ್ತಾರೆ. 1955ರಿಂದ 1986ರವರೆಗೆ ಈ ಕಾಯಿಲೆ ಪತ್ತೆಯಾದ 1,380 ಮಕ್ಕಳ ಮುಂದಿನ ಬದುಕನ್ನು ಭಾಟಿಯಾ ಮತ್ತು ಸಂಗಡಿಗರು ಹಿಂಬಾಲಿಸಿದರು. ಅಷ್ಟೇ ಸಂಖ್ಯೆಯ ಸಾಮಾನ್ಯ ಜನರಲ್ಲಿ ನಾಲ್ಕೈದು ಕ್ಯಾನ್ಸರುಗಳನ್ನು ನಿರೀಕ್ಷಿಸಬಹುದಿತ್ತು. ಇವರಲ್ಲಿ 88 ಸಿಕ್ಕವು. ಗೆಡ್ಡೆಯಾಗಿ ಬಂದ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಸ್ತನದ್ದು. ಈ ಹೆಣ್ಣುಮಕ್ಕಳಲ್ಲಿ ನಲವತ್ತನೇ ವಯಸ್ಸಿನ ಹೊತ್ತಿಗೆ ಶೇ 35ರಷ್ಟು ಮಂದಿಗೆ ಸ್ತನ ಕ್ಯಾನ್ಸರ್ ಬರಬಹುದೆಂದು ಆಗಿನ ಲೆಕ್ಕ ಹೇಳಿತು. ಹತ್ತು ಹದಿನಾರರ ನಡುವೆ, ಎದೆ ಬೆಳೆಯುವ ಕಾಲದಲ್ಲೇ ವಿಕಿರಣ ಪಡೆದವರಿಗೆ ಅಪಾಯ ಹೆಚ್ಚು.

ಅದೇ ಗುಂಪನ್ನು ಇನ್ನೂ ಕೆಲವು ವರ್ಷ ಹಿಂಬಾಲಿಸಿದಾಗ ಅಂದಾಜು ಇಳಿಯಿತು. 2003ರ ಲೆಕ್ಕದಲ್ಲಿ ಅದು ಶೇ 14ರ ಆಸುಪಾಸಿಗೆ ಬಂತು. ಮೊದಲ ಅಂಕಿಗೇ ಅಂಟಿಕೊಳ್ಳದೆ ತಾವೇ ತಿದ್ದಿಕೊಂಡದ್ದು ಈ ಕೆಲಸದ ಮೇಲೆ ನಂಬಿಕೆ ಹುಟ್ಟಿಸುತ್ತದೆ. ಇಳಿದ ಅಂಕಿಯೇನೂ ಸಮಾಧಾನಕರವಲ್ಲ. ಎದೆಗೆ ವಿಕಿರಣ ಪಡೆದ ಹುಡುಗಿಗೆ ಇಪ್ಪತ್ತೈದನೇ ವಯಸ್ಸಿನಿಂದಲೇ, ಇಲ್ಲವೇ ವಿಕಿರಣ ಮುಗಿದು ಎಂಟು ವರ್ಷವಾದ ಮೇಲೆ, ಇವುಗಳಲ್ಲಿ ಯಾವುದು ತಡವೋ ಆಗಿನಿಂದ ಪ್ರತಿ ವರ್ಷ ಸ್ತನ ಪರೀಕ್ಷೆ ಆಗಬೇಕು ಎಂಬ ಸಲಹೆ ಇಂಥ ಲೆಕ್ಕಗಳ ಮೇಲೆ ನಿಂತಿದೆ. ಬೇರೆ ಹೆಣ್ಣುಮಕ್ಕಳಿಗೆ ಆ ಮಾತು ಬರುವುದು ನಲವತ್ತರ ನಂತರ.

ಮಕ್ಕಳ ಕ್ಯಾನ್ಸರ್ ಗುಣವಾಗುತ್ತದೆ ಎಂಬ ಮಾತೇ ಎಷ್ಟು ಹೊಸದು ಎಂಬುದು ತಿಳಿಯದಿದ್ದರೆ ಈ ಪ್ರಶ್ನೆಗಳ ತೂಕ ತಿಳಿಯುವುದಿಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧವನ್ನು ಲ್ಯುಕೇಮಿಯಾದ 16 ಮಕ್ಕಳಿಗೆ ಕೊಟ್ಟು ನೋಡಿದಾಗ ಹತ್ತು ಮಕ್ಕಳು ಚೇತರಿಸಿಕೊಂಡರು. ಅದೂ ಕೆಲವು ತಿಂಗಳ ಮಟ್ಟಿಗೆ. ಆ ಔಷಧ ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದ ಲೆಡರ್ಲಿ ಪ್ರಯೋಗಾಲಯದಲ್ಲಿ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಆಮೇಲೆ ಬಂದ ವಿನ್‌ಕ್ರಿಸ್ಟೀನ್ ನಮ್ಮ ಅಂಗಳಗಳಲ್ಲಿ ಯಾರೂ ನೀರೆರೆಯದೆಯೂ ಹೂ ಬಿಡುವ ನಿತ್ಯಪುಷ್ಪದಿಂದ ಬಂದದ್ದು. 1962ರಲ್ಲಿ ಮೆಂಫಿಸ್ ನಗರದಲ್ಲಿ ಸೇಂಟ್ ಜ್ಯೂಡ್ ಆಸ್ಪತ್ರೆ ತೆರೆದಾಗ ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಔಷಧಗಳನ್ನೆಲ್ಲ ಕೂಡಿಸಿ ಹೊಡೆಯುವ ಹಠ ಹಿಡಿದರು. ಔಷಧ ಮಿದುಳಿಗೆ ಸರಿಯಾಗಿ ಇಳಿಯುವುದಿಲ್ಲ, ಕೆಟ್ಟ ಕೋಶಗಳು ಅಲ್ಲಿ ಅವಿತು ಮತ್ತೆ ಹೊರಬರುತ್ತವೆ ಎಂಬುದನ್ನು ಗುರುತಿಸಿ ತಲೆಗೂ ವಿಕಿರಣ ಕೊಟ್ಟರು. ಎಪ್ಪತ್ತರ ದಶಕದ ಆರಂಭಕ್ಕೆ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು.

ಸಂಭ್ರಮದ ನಡುವೆಯೇ ಇಬ್ಬರು ಮೂವರು ಅನುಮಾನದಿಂದ ನೋಡುತ್ತಿದ್ದರು. ಜೂಲಿಯೊ ಡಾಂಜಿಯೊ ಅವರಲ್ಲಿ ಮುಖ್ಯರು. ತಾವೇ ವಿಕಿರಣ ಚಿಕಿತ್ಸಕರಾದ್ದರಿಂದ ತಮ್ಮ ಕೈಯ ಆಯುಧ ಏನು ಮಾಡಬಲ್ಲದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1975ರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯಲ್ಲೇ ಗುಣವಾದರಷ್ಟೇ ಸಾಲದು ಎಂಬ ಮಾತಿತ್ತು. ಹೆಚ್ಚು ಮಕ್ಕಳು ಬದುಕಲಿ ಎಂದು ಎಲ್ಲರೂ ಔಷಧ ಏರಿಸುತ್ತಿದ್ದ ಕಾಲದಲ್ಲಿ, ಬದುಕಿದವರನ್ನು ನೋಡಿಕೊಂಡು ಬನ್ನಿ ಎಂದವರು ಅವರು.

ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಡಾಂಜಿಯೊ ಅವರ ಸಹೋದ್ಯೋಗಿಯಾಗಿದ್ದ ಅನ್ನಾ ಮೆಡೋಸ್ ಆ ಮಾತನ್ನು ಅಳತೆಗೆ ತಂದರು. ತಲೆಗೆ ವಿಕಿರಣ ಪಡೆದ ಲ್ಯುಕೇಮಿಯಾ ಮಕ್ಕಳ ಬುದ್ಧಿಮತ್ತೆಯ ಅಂಕ ವರ್ಷ ಕಳೆದಂತೆ ಇಳಿಯುತ್ತದೆ, ಅದರಲ್ಲೂ ತೀರ ಚಿಕ್ಕ ವಯಸ್ಸಿನಲ್ಲಿ ಪಡೆದವರಲ್ಲಿ ಹೆಚ್ಚು ಇಳಿಯುತ್ತದೆ ಎಂದು 1981ರಲ್ಲಿ ತೋರಿಸಿದರು. ಲೆಕ್ಕ ಹತ್ತದ, ಬರೆಯಲು ನಿಧಾನಿಸುವ ಆ ಮಕ್ಕಳನ್ನು ಶಾಲೆಗಳಲ್ಲಿ ಸೋಮಾರಿಗಳೆಂದುಕೊಂಡವರು ಎಷ್ಟು ಜನವೋ. 1996ರ ಹಾಜ್‌ಕಿನ್ ವರದಿಯಲ್ಲಿ ಭಾಟಿಯಾ ಹೆಸರಿನ ಜೊತೆ ಮೆಡೋಸ್ ಹೆಸರೂ ಇದೆ. ಆ ಮಕ್ಕಳ ದಾಖಲೆಗಳನ್ನು ದೇಶದೇಶಗಳ ಆಸ್ಪತ್ರೆಗಳಿಂದ ಒಟ್ಟುಗೂಡಿಸಿದ್ದ ಬಳಗವನ್ನು ಕಟ್ಟಿ ನಡೆಸಿದವರಲ್ಲಿ ಅವರೊಬ್ಬರು. ತಲೆಮಾರೊಂದು ಜೋಪಾನ ಮಾಡಿದ ಫೈಲುಗಳನ್ನು ಇನ್ನೊಂದು ತಲೆಮಾರು ಬಿಚ್ಚಿ ಓದಿತು.

ಆ ವರದಿಯಲ್ಲಿರುವ ಇನ್ನೊಂದು ಹೆಸರು ಮಿನ್ನೆಸೋಟದ ಲೆಸ್ಲಿ ರಾಬಿಸನ್ ಅವರದು. 1994ರಲ್ಲಿ ಶುರುವಾದ, ಅಮೆರಿಕ ಮತ್ತು ಕೆನಡಾದ 26 ಆಸ್ಪತ್ರೆಗಳನ್ನು ಒಳಗೊಂಡ ಬೃಹತ್ ಅಧ್ಯಯನದ ಸೂತ್ರಧಾರರಾಗಿದ್ದವರು ಅವರೇ. 1970ರಿಂದ 1986ರ ನಡುವೆ ಕ್ಯಾನ್ಸರ್ ಬಂದು ಐದು ವರ್ಷ ದಾಟಿ ಬದುಕಿದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ತೆಗೆದರು. ಇಲ್ಲೊಂದು ತೊಡಕಿತ್ತು. ನಲವತ್ತರಲ್ಲಿ ಒಬ್ಬರ ಹೃದಯ ಸೋತರೆ ಅದು ಹಳೆಯ ಕೀಮೋದಿಂದಲೋ ಅಥವಾ ಆ ಮನೆತನದ ಊಟ, ಉಪ್ಪು, ಹಣೆಬರಹದಿಂದಲೋ? ಹೋಲಿಕೆಗೆ ಯಾರನ್ನು ಇಟ್ಟುಕೊಳ್ಳುವುದು? ಒಂದೇ ಅಪ್ಪ ಅಮ್ಮನ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಒಡಹುಟ್ಟಿದವರಿಗಿಂತ ಒಳ್ಳೆಯ ತಕ್ಕಡಿ ಎಲ್ಲಿ ಸಿಕ್ಕೀತು! ಅವರಿಗೂ ಪ್ರಶ್ನಾವಳಿ ಹೋಯಿತು.

2006ರಲ್ಲಿ ಕೆವಿನ್ ಓಫಿಂಗರ್ ಮತ್ತು ಸಂಗಡಿಗರು ತಕ್ಕಡಿಯ ಫಲಿತಾಂಶ ಹೇಳಿದರು. ಬದುಕುಳಿದ 10,397 ಮಂದಿಯಲ್ಲಿ ಶೇ 62ರಷ್ಟು ಜನರಿಗೆ ಕನಿಷ್ಠ ಒಂದು ದೀರ್ಘಕಾಲದ ತೊಂದರೆ ಇತ್ತು. ಶೇ 27ಕ್ಕೂ ಹೆಚ್ಚು ಜನರದ್ದು ತೀವ್ರವಾದದ್ದು ಅಥವಾ ಪ್ರಾಣಕ್ಕೆ ಎರವಾಗಬಲ್ಲದ್ದು. ಅವರ ಸರಾಸರಿ ವಯಸ್ಸು ಆಗ ಮೂವತ್ತರ ಒಳಗೇ ಇತ್ತು. ಎರಡನೇ ಕ್ಯಾನ್ಸರ್, ಹೃದಯ, ಮೂತ್ರಪಿಂಡ, ಥೈರಾಯ್ಡ್, ಕಿವಿ, ಸಂತಾನ ಎಂದು ಪಟ್ಟಿ ಮೈಯುದ್ದಕ್ಕೂ ಹರಡಿತ್ತು.

ಹೃದಯದ ಕಥೆಯೊಂದನ್ನೇ ತೆಗೆದುಕೊಳ್ಳಿ. ಇಟಲಿಯ ದಕ್ಷಿಣದಲ್ಲಿ ಕಾಸ್ಟೆಲ್ ಡೆಲ್ ಮೊಂಟೆ ಎಂಬ ಹದಿಮೂರನೇ ಶತಮಾನದ ಕೋಟೆಯಿದೆ. ಅದರ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದು ರಕ್ತದಂಥ ಕೆಂಪು ದ್ರವ್ಯ ಸ್ರವಿಸುತ್ತಿತ್ತು. ಅದರಿಂದ ಬಂದವು ಡಾನೊರುಬಿಸಿನ್, ಡಾಕ್ಸೊರುಬಿಸಿನ್ ಎಂಬ ಔಷಧಗಳು. ಬಾಟಲಿಯಿಂದ ಇಳಿಯುವಾಗ ಕೆಂಪು, ಮೂತ್ರವೂ ಕೆಂಪು. ಲ್ಯುಕೇಮಿಯಾದಿಂದ ಹಿಡಿದು ಮೂಳೆ ಕ್ಯಾನ್ಸರಿನವರೆಗೆ ಲಕ್ಷಾಂತರ ಮಕ್ಕಳನ್ನು ಉಳಿಸಿದ ಔಷಧವಿದು. ಆದರೆ ಹೃದಯದ ಸ್ನಾಯುವಿನ ಕೋಶ ಒಮ್ಮೆ ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದು ತೀರ ಕಡಿಮೆ. ಐದು ವರ್ಷದ ಮಗುವಿನ ಹೃದಯ ಆಗಲೇ ಕಳೆದುಕೊಂಡ ಕೋಶಗಳನ್ನಿಟ್ಟುಕೊಂಡು ಇಪ್ಪತ್ತೈದರ ಮೈಯನ್ನು ಹೊರಬೇಕು. ಡಾಕ್ಸೊರುಬಿಸಿನ್ ಪಡೆದಿದ್ದ 115 ಮಕ್ಕಳನ್ನು ವರ್ಷಗಳ ನಂತರ ಪರೀಕ್ಷಿಸಿದ ಸ್ಟೀವನ್ ಲಿಪ್‌ಶುಲ್ಟ್ಜ್ ತಂಡಕ್ಕೆ 1991ರಲ್ಲಿ ಶೇ 57ರಷ್ಟು ಮಕ್ಕಳ ಹೃದಯದಲ್ಲಿ ಏನಾದರೊಂದು ಏರುಪೇರು ಕಂಡಿತು.

ಒಟ್ಟು ಪ್ರಮಾಣ ಏರಿದಷ್ಟೂ ಅಪಾಯ ಏರುತ್ತದೆ, ನಿಜ. ಆದರೆ ಕಡಿಮೆ ಪಡೆದ ಒಬ್ಬಳ ಹೃದಯ ಸೋತು, ಹೆಚ್ಚು ಪಡೆದ ಇನ್ನೊಬ್ಬನ ಹೃದಯ ಗಟ್ಟಿಯಾಗಿ ಉಳಿಯುವುದೂ ಉಂಟು. ಭಾಟಿಯಾ ತಂಡ ಕೈಹಾಕಿದ್ದು ಈ ಗಂಟಿಗೆ. ಔಷಧವನ್ನು ಮೈಯೊಳಗೆ ಮಾರ್ಪಡಿಸುವ ಕಿಣ್ವಗಳ ಜೀನ್‌ಗಳಲ್ಲಿರುವ ಸಣ್ಣ ವ್ಯತ್ಯಾಸಗಳನ್ನು ಅವರು ಜಾಲಾಡಿದರು. ಅಂಥ ಒಂದು ಜೀನಿನ ನಿರ್ದಿಷ್ಟ ರೂಪವಿದ್ದವರಿಗೆ ಕಡಿಮೆ ಪ್ರಮಾಣವೂ ಅಪಾಯಕಾರಿ ಎಂದು 2012ರಲ್ಲಿ ವರದಿ ಮಾಡಿದರು. ಯಾರಿಗೆ ಎಷ್ಟು ಕೆಂಪು ಔಷಧ ತಾಳುತ್ತದೆಂದು ಮೊದಲೇ ಹೇಳುವ ರಕ್ತಪರೀಕ್ಷೆ ಇನ್ನೂ ದಿನಬಳಕೆಗೆ ಬಂದಿಲ್ಲ.

ಇಷ್ಟೆಲ್ಲ ಅಂಕಿ ನೋಡಿ ಎದೆಗುಂದಬಹುದಾದ ಓದುಗರು ಇದರ ಇನ್ನೊಂದು ಬದಿಯನ್ನೂ ನೋಡಬೇಕು. ಹಳೆಯ ಮಕ್ಕಳ ಫೈಲು ಓದಿ ಡಾಕ್ಟರುಗಳು ಹೊಸ ಮಕ್ಕಳ ಚಿಕಿತ್ಸೆ ಬದಲಿಸಿದರು. ರಾಬಿಸನ್ ಅಧ್ಯಯನದ ಆಸ್ಪತ್ರೆಗಳಲ್ಲಿ ಎಪ್ಪತ್ತರ ದಶಕದಲ್ಲಿ ಈ ಲ್ಯುಕೇಮಿಯಾದ ಶೇ 85 ಮಕ್ಕಳ ತಲೆಗೆ ವಿಕಿರಣ ಬೀಳುತ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಶೇ 19ಕ್ಕಿಳಿಯಿತು. ಪಿಂಕೆಲ್ ತಲೆಗೆ ವಿಕಿರಣ ಕೊಡಿಸಿದ ಅದೇ ಸೇಂಟ್ ಜ್ಯೂಡ್‌ನಲ್ಲಿ 2009ರ ಹೊತ್ತಿಗೆ ಚಿಂಗ್-ಹಾನ್ ಪುಯಿ ತಂಡ, ಔಷಧಗಳನ್ನು ಸರಿಯಾಗಿ ಹೊಂದಿಸಿದರೆ ಮುಂಜಾಗ್ರತೆಯ ಆ ವಿಕಿರಣವೇ ಬೇಡ ಎಂದು ತೋರಿಸಿತು. ಫಲ ಸಾವಿನ ಲೆಕ್ಕದಲ್ಲಿ ಕಂಡಿತು. ರಾಬಿಸನ್ ಅಧ್ಯಯನದ ಗ್ರೆಗರಿ ಆರ್ಮ್‌ಸ್ಟ್ರಾಂಗ್ 2016ರಲ್ಲಿ 34,033 ಮಂದಿಯ ಮಾಹಿತಿ ಮುಂದಿಟ್ಟರು. ಐದು ವರ್ಷ ಬದುಕಿದವರಲ್ಲಿ ಮುಂದಿನ ದಶಕದಲ್ಲಿ, ಅಂದರೆ ಕಾಯಿಲೆ ಪತ್ತೆಯಾಗಿ ಹದಿನೈದು ವರ್ಷವಾಗುವುದರೊಳಗೆ, ತೀರಿಕೊಂಡವರು ಎಪ್ಪತ್ತರ ದಶಕದ ಆರಂಭದ ಗುಂಪಿನಲ್ಲಿ ಶೇ 12.4, ತೊಂಬತ್ತರ ದಶಕದ ಗುಂಪಿನಲ್ಲಿ ಶೇ 6.

ಇನ್ನು ನಮ್ಮ ಕಡೆ. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣವಾದರೆ ಬಡ ಮತ್ತು ಮಧ್ಯಮ ವರಮಾನದ ಅನೇಕ ದೇಶಗಳಲ್ಲಿ ಶೇ 30ಕ್ಕೂ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೊದಲು ಬದುಕಲಿ, ಆಮೇಲಿನದು ಆಮೇಲೆ ಎಂದು ಅನ್ನಿಸುವುದು ಸಹಜ. ಆದರೂ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಪೂರ್ಣಾ ಕುರ್ಕುರೆ 1991ರಷ್ಟು ಹಿಂದೆಯೇ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಪ್ರತ್ಯೇಕ ಕ್ಲಿನಿಕ್ ತೆರೆದರು. ರಾಬಿಸನ್ ಅವರ ಪ್ರಶ್ನಾವಳಿಗಿಂತ ಮೂರು ವರ್ಷ ಮೊದಲು ಎಂಬುದನ್ನು ಇಲ್ಲಿ ಹೇಳಲೇಬೇಕು.

ಇಲ್ಲಿಯ ಕಷ್ಟ ಬೇರೆ ಬಗೆಯದು. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದು ವರ್ಷಗಟ್ಟಲೆ ಅಲೆದ ಕುಟುಂಬಕ್ಕೆ, ಚೆನ್ನಾಗಿ ಆಡಿಕೊಂಡಿರುವ ಮಗುವನ್ನು ಮತ್ತೆ ಕೂಲಿ ಬಿಟ್ಟು, ಬಸ್ಸು ಹಿಡಿದು ಕರೆತರುವುದಕ್ಕೆ ಕಾರಣವೇ ಹೊಳೆಯುವುದಿಲ್ಲ. ಫೋನ್ ನಂಬರು ಬದಲಾಗುತ್ತದೆ, ಊರು ಬದಲಾಗುತ್ತದೆ. ಹೆಣ್ಣುಮಗುವಾದರೆ ಇನ್ನೊಂದು ಭಯ: ನಾಳೆ ಗಂಡು ನೋಡುವಾಗ ಈ ಸುದ್ದಿ ಹೊರಬಿದ್ದರೆ? 'ಆ ವಿಷಯ ಎತ್ತಬೇಡಿ' ಎಂದು ಮನೆಮಂದಿಯೆಲ್ಲ ಸೇರಿ ಒಂದು ಬಾಲ್ಯವನ್ನೇ ಅಳಿಸಿಬಿಡುತ್ತಾರೆ. ಬೆಳೆದ ಮಗುವಿಗೆ ತನಗೇನಾಗಿತ್ತೆಂದು ಗೊತ್ತಿಲ್ಲದಿರುವುದೂ ಉಂಟು.

ಇದಕ್ಕೆ ತಜ್ಞರು ಸೂಚಿಸುವ ಉಪಾಯ ಒಂದೇ ಒಂದು ಹಾಳೆ. ಯಾವ ಕಾಯಿಲೆ, ಯಾವ ವರ್ಷ, ಯಾವ ಯಾವ ಔಷಧ, ಕೆಂಪು ಔಷಧವಿದ್ದರೆ ಒಟ್ಟು ಎಷ್ಟು ಮಿಲಿಗ್ರಾಂ, ವಿಕಿರಣವಿದ್ದರೆ ಮೈಯ ಯಾವ ಭಾಗಕ್ಕೆ ಎಷ್ಟು ಗ್ರೇ (ವಿಕಿರಣದ ಅಳತೆ), ಮುಂದೆ ಯಾವ ಪರೀಕ್ಷೆ ಯಾವಾಗ. ಯಾವ ಊರಿನ ಯಾವ ಡಾಕ್ಟರಿಗೆ ತೋರಿಸಿದರೂ ಅರ್ಥವಾಗಬೇಕಾದ ಹಾಳೆ.

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಹೆರಿಗೆಗೆಂದು ತವರಿಗೆ ಬಂದ ಇಪ್ಪತ್ತಾರರ ಹೆಣ್ಣುಮಗಳು. ಏಳನೇ ತಿಂಗಳು, ಕಾಲು ಬಾತಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಸಿರಿನಲ್ಲಿ ಹೃದಯ ಎಂದಿಗಿಂತ ಹೆಚ್ಚು ರಕ್ತ ತಳ್ಳಬೇಕಾಗುತ್ತದೆ. ಕೆಂಪು ಔಷಧ ಪಡೆದ ಹೃದಯಕ್ಕೆ ಅದು ಮೊದಲ ನಿಜವಾದ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಿ.ಪಿ. ನೋಡುತ್ತ, ತಲೆಯೆತ್ತದೆ ಕೇಳುತ್ತಾರೆ: 'ಚಿಕ್ಕವಳಿದ್ದಾಗ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ?' ಹುಡುಗಿ ತಾಯಿಯ ಮುಖ ನೋಡುತ್ತಾಳೆ. ಪಕ್ಕದಲ್ಲಿ ಅತ್ತೆ ಕೂತಿದ್ದಾರೆ.

'ಏನಿಲ್ಲ ಡಾಕ್ಟ್ರೇ, ಒಂದ್ಸಲ ಜ್ವರ ಬಂದಿತ್ತು ಅಷ್ಟೇ' ಎನ್ನುತ್ತಾಳೆ ತಾಯಿ. ಹಳೆಯ ಕಾಗದಗಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಾಗೆಯೇ ಅಟ್ಟದ ಮೇಲಿನ ಟ್ರಂಕಿನಲ್ಲಿವೆ.